ಎಸೆನ್‌ಕುಲ್ ಹಿರಿಯನಾದ ದಿನ

ಕತ್ತೆಯ ತಲೆಯ ಮೇಲೆ ಎಸೆನ್‌ಕುಲನ ಹೊಸ ಟೋಪಿ ಇತ್ತು. ಕಿವಿಗಳನ್ನು ಒಳಗೆ ಮಡಚಿ, ಟೋಪಿ ಜಾರದ ಹಾಗೆ ಗದ್ದದ ಕೆಳಗೆ ಕೆಂಪು ಟೇಪು ಬಿಗಿದಿದ್ದರು. ಕತ್ತೆ ಹಾಗೆಯೇ ಬೀದಿಯ ಉದ್ದಕ್ಕೂ ನಡೆದು, ಊರ ಅಂಗಡಿಯ ಮುಂದೆ ನಿಂತು, ಹೋಗಿಬರುವವರನ್ನು ಪಂಚಾಯಿತಿಗೆ ಕೂತ ಹಿರಿಯನ ಹಾಗೆ ನೋಡುತ್ತಿತ್ತು.

ಬಿಳಿ ಉಣ್ಣೆಯ ಕಲ್ಪಾಕ್ ಎಂದರೆ ಕಿರ್ಗಿಜ್ ಗಂಡಸಿನ ಮಾನ. ಅದನ್ನು ನೆಲದ ಮೇಲೆ ಇಡುವುದಿಲ್ಲ, ಯಾರಿಗೂ ಎರವಲು ಕೊಡುವುದಿಲ್ಲ. ಮಲಗುವಾಗ ತಲೆಯ ಹತ್ತಿರ ಇರಬೇಕು, ಕಾಲಿನ ಹತ್ತಿರ ಅಲ್ಲ. ಎಸೆನ್‌ಕುಲ್ ಈ ಟೋಪಿಯನ್ನು ಇವತ್ತಿಗೆಂದೇ ಹೊಲಿಸಿದ್ದ. ಮಧ್ಯಾಹ್ನ ಪಟ್ಟಣದಿಂದ ಬೀಗರಾಗುವವರು ಬಂದು ಮಗಳು ಆಯ್ಪೆರಿಯ ಕಿವಿಗೆ ಓಲೆ ತೊಡಿಸುವುದಿತ್ತು. ಓಲೆ ಏರಿತೆಂದರೆ ಹುಡುಗಿ ಅವರ ಮನೆಯವಳು. ಅಲ್ಲಿಯ ತನಕ ಏನೂ ಅಲ್ಲ. ಮನೆ ಸರಿಯಿಲ್ಲ, ಜನ ಸರಿಯಿಲ್ಲ ಅನ್ನಿಸಿ ಓಲೆಯನ್ನು ಜೇಬಿನಲ್ಲೇ ಇಟ್ಟುಕೊಂಡು ಎದ್ದುಹೋದ ಬೀಗರನ್ನು ಈ ಊರು ಕಂಡಿದೆ.

ಬರಿತಲೆಯಲ್ಲಿ ಟೋಪಿ ಹುಡುಕುತ್ತ ಬೀದಿಗೆ ಬಂದ ಎಸೆನ್‌ಕುಲನಿಗೆ ಮೊದಲು ಕೇಳಿದ್ದು ನಗು, ಆಮೇಲೆ ಕಂಡದ್ದು ಕತ್ತೆ. ಅವನು ಊರಿನ ದನದ ಡಾಕ್ಟರು. ಅಲ್ಲಿ ನಿಂತು ನಗುತ್ತಿದ್ದ ಒಬ್ಬೊಬ್ಬರ ಹಸುವಿಗೂ ನಡುಚಳಿಯಲ್ಲಿ ತೋಳಿನವರೆಗೆ ಕೈ ಹಾಕಿ ಕರು ಎಳೆದುಕೊಟ್ಟವನು. ಅಂಥವನನ್ನು ಕಂಡು ನಗು ನಿಲ್ಲಿಸುವ ಬದಲು ಅವರು ಇನ್ನೂ ಜೋರಾಗಿ ನಕ್ಕರು.

ಎಸೆನ್‌ಕುಲ್ ಟೇಪು ಬಿಚ್ಚುತ್ತ, ಇದರಲ್ಲಿ ನಗುವಂಥದ್ದು ಏನಿದೆ ಎಂದು ಕೇಳಿದ. ರೇಗಿ ಕೇಳಿದ್ದು ನಿಜ, ಆದರೆ ತಿಳಿದುಕೊಳ್ಳಬೇಕೆಂದೂ ಕೇಳಿದ್ದ. ಪಕ್ಕದ ಮನೆಯ ಸೊನುನ್, ಟೋಪಿ ಕತ್ತೆಗೆ ನಿನಗಿಂತ ಚೆನ್ನಾಗಿ ಒಪ್ಪುತ್ತದಲ್ಲ, ಅದಕ್ಕೇ ನಗು ಎಂದಳು. ಅಂಗಡಿಯ ಕುಬಾತ್ ಅದಲ್ಲವೇ ಅಲ್ಲ ಎಂದ. ತಾನು ದೂರದಿಂದ ಕತ್ತೆಗೆ ಎರಡು ಸಲ ಸಲಾಂ ಹೇಳಿದ್ದು, ಉತ್ತರ ಬರಲಿಲ್ಲವೆಂದು ಬೇಜಾರೂ ಮಾಡಿಕೊಂಡದ್ದು, ನಗು ಇರುವುದು ಅಲ್ಲಿ ಎಂದು ವಿವರಿಸಿದ. ಇನ್ನೊಬ್ಬ, ಕತ್ತೆಯೂ ಅಲ್ಲ ಸಲಾಮೂ ಅಲ್ಲ, ಮೂವತ್ತು ವರ್ಷದ ಮೇಲೆ ನಿನ್ನ ಬೋಳುತಲೆ ಬಿಸಿಲು ಕಂಡಿತಲ್ಲ, ಅದು ಎಂದ. ಏಳು ಜನ ಏಳು ಕಾರಣಕ್ಕೆ ನಗುತ್ತಿದ್ದರು. ಏಳರಲ್ಲೂ ಸಮಾನವಾಗಿದ್ದದ್ದು ಎಸೆನ್‌ಕುಲ್ ಒಬ್ಬನೇ.

ಯಾರು ಮಾಡಿದ್ದು ಎಂದು ಅವನು ಕೇಳಲಿಲ್ಲ. ಮುಕಾಷನಲ್ಲದೆ ಇನ್ಯಾರು.

ಮುಕಾಷ್ ಟ್ರಾಕ್ಟರ್ ಓಡಿಸುವವನು, ಎಸೆನ್‌ಕುಲನ ಓರಗೆಯವನು. ಇಬ್ಬರೂ ಒಂದೇ ವರ್ಷ ಹುಟ್ಟಿದವರು, ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಮ್ಮಲ್ಲಿ ಒಂದೇ ವರ್ಷ ಹುಟ್ಟಿದವರಿಗೆ ಕುರ್ದಾಶ್ ಅನ್ನುತ್ತಾರೆ. ಕುರ್ದಾಶನಾದವನು ಏನು ತಮಾಷೆ ಮಾಡಿದರೂ ನಡೆಯುತ್ತದೆ. ಸಿಟ್ಟಾಗುವ ಹಾಗಿಲ್ಲ. ಸಿಟ್ಟಾದರೆ ಮಾನ ಹೋಗುವುದು ಸಿಟ್ಟಾದವನದೇ. ಒಂದು ವರ್ಷ ದೊಡ್ಡವನಾದರೆ ಸಾಕು, ಅವನು ಅಣ್ಣ, ಬಾಯ್ಕೆ. ಬಹುವಚನ ಹಚ್ಚಿ ಮಾತಾಡಬೇಕು, ಕೈ ತೊಳೆಯಲು ನೀರು ಹಾಕಬೇಕು, ಅವನ ಮುಂದೆ ಹಲ್ಲು ಕಿಸಿಯಬಾರದು. ಒಂದು ವರ್ಷದ ಅಂತರ ಮನುಷ್ಯನನ್ನು ಕಾಪಾಡುತ್ತದೆ. ಆ ಒಂದು ವರ್ಷ ಎಸೆನ್‌ಕುಲನಿಗೆ ಇರಲಿಲ್ಲ.

ಐವತ್ತೇಳು ವರ್ಷದಲ್ಲಿ ಮುಕಾಷ್ ಮಾಡಿದ್ದು ಒಂದೆರಡಲ್ಲ. ಒಂದು ಸಲ ಪಕ್ಕದ ಕಣಿವೆಯ ನೆಂಟರಿಗೆಲ್ಲ ಎಸೆನ್‌ಕುಲ್ ಸತ್ತನೆಂದು ಫೋನ್ ಮಾಡಿಬಿಟ್ಟಿದ್ದ. ನಲವತ್ತು ಜನ ಅಯ್ಯೋ ತಮ್ಮಾ ಎಂದು ಎದೆ ಬಡಿದುಕೊಂಡು ಬಂದಾಗ ಆ ತಮ್ಮನೋ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಬಂದವರನ್ನು ಬರಿಗೈಲಿ ಕಳಿಸಲಾಗುತ್ತದೆಯೇ? ತನ್ನ ಸಾವಿನ ಊಟಕ್ಕೆ ತಾನೇ ಕುರಿ ಕಡಿಸಿ ಬಡಿಸಿದ. ಅವರು ಉಂಡು, ನಕ್ಕು, ಇಷ್ಟು ಒಳ್ಳೆಯ ಸಾವನ್ನು ಕಂಡೇ ಇರಲಿಲ್ಲ ಎಂದು ಹೇಳಿ ಹೋದರು. ಒಮ್ಮೆ ಎಸೆನ್‌ಕುಲ್ ಕೂಡ ಪ್ರಯತ್ನ ಮಾಡಿದ್ದುಂಟು. ಮುಕಾಷನ ಕುದುರೆಯ ಜೀನನ್ನು ಬಚ್ಚಿಟ್ಟ. ಒಬ್ಬರೂ ನಗಲಿಲ್ಲ. ಮುಕಾಷನ ಹೆಂಡತಿ ಅತ್ತಳು, ಊರವರು ಕಳ್ಳತನ ಎಂದರು, ಎಸೆನ್‌ಕುಲ್ ಜೀನು ಹೊತ್ತುಕೊಂಡು ಹೋಗಿ ತಪ್ಪಾಯಿತು ಎಂದು ಬಂದ. ಅವನು ಮಾಡಿದರೆ ತಮಾಷೆ, ಇವನು ಮಾಡಿದರೆ ಕಳವು. ಇದು ಯಾವ ಸೀಮೆಯ ನ್ಯಾಯ?

ಟೋಪಿಯನ್ನು ಒರೆಸಿ ತಲೆಗಿಟ್ಟುಕೊಂಡು ಎಸೆನ್‌ಕುಲ್ ನೇರ ಮುಕಾಷನ ಮನೆಗೆ ಹೋದ. ಮುಕಾಷ್ ಟ್ರಾಕ್ಟರಿನ ಅಡಿಯಿಂದ ತಲೆ ಹೊರಗೆ ಹಾಕಿದ.

"ಕತ್ತೆ ಮನೆಗೆ ಬಂತಾ?" ಎಂದ. "ಟೋಪಿ ಹಾಕ್ಕೊಂಡ್ ಹೋಗಿದ್ದನ್ನ ನೋಡಿದ್ರೆ, ಬೀಗ್ರನ್ನ ಕರಕೊಂಡೇ ಬರುತ್ತೆ ಅನ್ಕೊಂಡೆ."

"ಮುಕಾಷ್, ಇವತ್ತೊಂದು ದಿನ ಬಿಟ್ಬಿಡು. ಬೇಕಾದ್ರೆ ನಿನ್ ಕಾಲಿಗೆ ಬೀಳ್ತೀನಿ."

"ಬೀಳು, ನೋಡೋಣ."

"ತಮಾಷೆ ಅಲ್ಲ ಇದು. ಆ ನುಸುಪ್ ಸಾಮಾನ್ಯ ಮನುಷ್ಯ ಅಲ್ಲ. ಹೆಣ್ಣು ನೋಡೋಕೆ ಬಂದಾಗ ಎರಡು ಗಂಟೆ ಕೂತಿದ್ದ, ಒಂದ್ಸಲನೂ ನಗಲಿಲ್ಲ."

"ಅದಕ್ಕೇ ಹೇಳೋದು. ನಗೋಕೆ ಬರದವನ ಮನೆಗೆ ಹುಡುಗೀನ ಕೊಡ್ತೀಯಾ? ಮೊದ್ಲು ನಗಿಸಿ ನೋಡ್ಬೇಕಪ್ಪ. ಮಧ್ಯಾಹ್ನಕ್ಕೆ ಒಂದು ಇಟ್ಕೊಂಡಿದ್ದೀನಿ. ಕತ್ತೆ ಅದರ ಮುಂದೆ ಏನೂ ಅಲ್ಲ."

ಅಷ್ಟು ಹೇಳಿ ಮತ್ತೆ ಟ್ರಾಕ್ಟರಿನ ಅಡಿಗೆ ಹೋದ. ಬರಬೇಡ ಅನ್ನುವ ಹಾಗೂ ಇರಲಿಲ್ಲ. ಓರಗೆಯವರನ್ನು ಕರೆಯದೆ ಮನೆಯಲ್ಲಿ ಶುಭಕಾರ್ಯ ಮಾಡಿದವನನ್ನು ಊರು ಹೆಣ ಮುಚ್ಚಿಟ್ಟವನ ಹಾಗೆ ನೋಡುತ್ತದೆ.

ನಿಜ ಹೇಳಬೇಕೆಂದರೆ ಎಸೆನ್‌ಕುಲನಿಗೆ ಈ ಸಂಬಂಧ ಹಿಡಿಸಿದ್ದೇ ನುಸುಪನ ಮುಖ ನೋಡಿ. ಪಟ್ಟಣದ ಶಾಲೆಯಲ್ಲಿ ಇಪ್ಪತ್ತು ವರ್ಷ ಹೆಡ್‌ಮಾಸ್ತರಾಗಿದ್ದವನು. ಮುಖ ಹೊಳೆದಂಡೆಯ ಬಂಡೆಗಲ್ಲು. ಹಲ್ಲು ಕಿರಿಯುವ ಈ ಲೋಕದಲ್ಲಿ ಕೊನೆಗೂ ಒಬ್ಬ ಮನುಷ್ಯ ಸಿಕ್ಕಿದ ಎಂದು ಎಸೆನ್‌ಕುಲ್ ಅವತ್ತು ರಾತ್ರಿ ನೆಮ್ಮದಿಯಿಂದ ಮಲಗಿದ್ದ. ಅಂಥವನ ಎದುರಿಗೆ ಇವತ್ತು ಮುಕಾಷ್ ತನ್ನನ್ನು ಕೋಡಂಗಿ ಮಾಡುತ್ತಾನೆ, ನುಸುಪ್ ಎದ್ದು ಹೋಗುತ್ತಾನೆ, ಓಲೆಯೂ ಅವನ ಜೊತೆಗೇ ಹೋಗುತ್ತದೆ.

ಮನೆಯಲ್ಲಿ ಹೆಂಡತಿ ಗುಲ್ಸುನ್ ಬೋರ್ಸೋಕಿನ ಹಿಟ್ಟು ಕತ್ತರಿಸಿ ಎಣ್ಣೆಗೆ ಬಿಡುತ್ತಿದ್ದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಗಂಡನನ್ನು ಕಂಡವಳು ಮುಖವನ್ನು ಗೋಡೆಗೆ ತಿರುಗಿಸಿದಳು, ಆದರೆ ಹೆಗಲು ಕುಲುಕುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಜೊತೆಗೆ ಬಾಳಿದವಳು. ಎಸೆನ್‌ಕುಲ್ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು, ಮುಕಾಷನ ಜೊತೆ ತನ್ನನ್ನು ಒಂದೇ ವರ್ಷ ಹುಟ್ಟಿಸಿದ ದೇವರಿಗೆ ಕಣ್ಣಿರಲಿಲ್ಲವೇ ಎಂದು ಬೈಯತೊಡಗಿದ.

ಒಲೆಯ ಪಕ್ಕದಲ್ಲಿ ಅವನ ಸೋದರತ್ತೆ ಕಾಲಿಮಾ ಅಜ್ಜಿ ಕೂತಿದ್ದಳು. ಎಂಬತ್ತೆಂಟು ವರ್ಷ. ಒಂದು ಕಾಲದಲ್ಲಿ ಊರಿಗೆಲ್ಲ ಅವಳೇ ಸೂಲಗಿತ್ತಿ. ಇವತ್ತಿನ ಶಾಸ್ತ್ರಕ್ಕೆಂದು ಹಿಂದಿನ ದಿನವೇ ಕರೆತಂದಿದ್ದರು. ಅವಳು ಚಹಾದ ಬಟ್ಟಲು ಕೆಳಗಿಟ್ಟು ಕೇಳಿದಳು:

"ಯಾವ ಒಂದೇ ವರ್ಷನೋ?"

"ನಾನೂ ಮುಕಾಷೂ ಅಜ್ಜಿ. ಕುರಿ ವರ್ಷ."

"ಅವನು ಕುರಿ ವರ್ಷ. ನೀನು ಹೇಗೋ ಕುರಿ ವರ್ಷ ಆಗ್ತೀಯ? ನೀನು ಹುಟ್ಟಿದಾಗ ಬಾಗಿಲಿಗೆ ಎದೆ ಮಟ್ಟ ಹಿಮ. ನಿಮ್ಮಪ್ಪ ಅಗೆದು ದಾರಿ ಮಾಡಿದ ಮೇಲೇ ನಾನು ಒಳಗೆ ಬಂದಿದ್ದು. ನೂರುಜ್ ಹಬ್ಬಕ್ಕೆ ಇನ್ನೂ ಒಂದು ತಿಂಗಳಿತ್ತು. ಮುಕಾಷ್ ಹುಟ್ಟಿದ್ದು ಉಳುಮೆ ಆದ್ಮೇಲೆ."

ಎಸೆನ್‌ಕುಲ್ ಎದ್ದು ನಿಂತ. ಕಾಗದದಲ್ಲಿ ವರ್ಷ ಜನವರಿಗೆ ಶುರುವಾಗುತ್ತದೆ. ಅವನದು ಫೆಬ್ರವರಿ, ಮುಕಾಷನದು ಮೇ, ಎರಡೂ ಒಂದೇ ವರ್ಷ. ಶಾಲೆಗೆ ಸೇರಿಸಿದ್ದೂ ಕಾಗದ ನೋಡಿ. ಆಗಿನಿಂದ ಊರೆಲ್ಲ ಇಬ್ಬರನ್ನೂ ಕುರಿ ವರ್ಷದವರು ಎಂದುಕೊಂಡಿತ್ತು. ಆದರೆ ಪ್ರಾಣಿಗಳ ಹೆಸರಿನ ವರ್ಷ ಶುರುವಾಗುವುದು ಮಾರ್ಚಿನಲ್ಲಿ, ನೂರುಜ್ ಹಬ್ಬಕ್ಕೆ. ಅದಕ್ಕೆ ಮೊದಲು ಹುಟ್ಟಿದವನು ಹಿಂದಿನ ವರ್ಷಕ್ಕೇ ಸೇರಿದವನು. ಕುರಿಗಿಂತ ಹಿಂದಿನದು ಕುದುರೆ.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಯಾರು ಕೇಳಿದ್ರು?" ಎಂದು ಅಜ್ಜಿ ಬಟ್ಟಲು ಎತ್ತಿಕೊಂಡಳು.

ಅವಳಿಗೆ ಆ ಚಹಾ ಮುಗಿಸುವುದಕ್ಕೂ ಬಿಡಲಿಲ್ಲ. ಆಲೂಗಡ್ಡೆ ಸಾಗಿಸುವ ಕೈಗಾಡಿಯಲ್ಲಿ ಕಂಬಳಿ ಹಾಸಿ, ಅಜ್ಜಿಯನ್ನು ಕೂರಿಸಿ, ಎಸೆನ್‌ಕುಲ್ ಬೀದಿಗೆ ತಳ್ಳಿಕೊಂಡು ಹೊರಟ. ಅಡ್ಡ ಸಿಕ್ಕವರೆಲ್ಲ ಏನು ಎತ್ತ ಎಂದು ಕೇಳಿ ಹಿಂದೆ ಬಂದರು. ಸೊನುನ್ ಹಿಟ್ಟು ಮೆತ್ತಿದ ಕೈಯಲ್ಲೇ ಬಂದಳು. ಕುಬಾತ್ ಅಂಗಡಿ ತೆರೆದಿಟ್ಟೇ ಬಂದ. ಮೆರವಣಿಗೆ ಮುಕಾಷನನ್ನೂ ಟ್ರಾಕ್ಟರಿನ ಅಡಿಯಿಂದ ಎಳೆದುಕೊಂಡು, ಮಸೀದಿ ಪಕ್ಕದ ಪಾಪ್ಲರ್ ಮರಗಳ ಕೆಳಗೆ ಬಂದು ನಿಂತಿತು. ಅಲ್ಲಿ ಊರಿನ ಹಿರಿಯ ತೊಕೊಯ್ ಅಜ್ಜ ದಿನವೂ ಕೂರುತ್ತಿದ್ದ. ಯಾವ ಜಗಳ ಬಂದರೂ ಅವನ ಮಾತೇ ಕೊನೆ.

ತೊಕೊಯ್ ಎಲ್ಲ ಕೇಳಿಸಿಕೊಂಡು, ಇವತ್ತು ಬೀಗರು ಬರುವ ದಿನ ಇದೇನು ಹುಚ್ಚು ಎಂದ. ಎಸೆನ್‌ಕುಲ್, ಬರುವ ದಿನವಾದ್ದರಿಂದಲೇ ಇದು ಇತ್ಯರ್ಥ ಆಗಬೇಕು ಎಂದ. ಕುಬಾತ್ ಕಚೇರಿಯ ಕಾಗದ ನೋಡಬೇಕೆಂದ. ಸೊನುನ್ ಕಾಗದ ಬರೆದವನು ಕುಡುಕ, ತನ್ನನ್ನೇ ಗಂಡು ಎಂದು ಬರೆದಿಟ್ಟಿದ್ದಾನೆ ಎಂದಳು. ಹಿಂದಿನಿಂದ ಯಾರೋ, ಡಾಕ್ಟರು ಕುರಿಯ ಹಲ್ಲು ನೋಡಿ ವಯಸ್ಸು ಹೇಳುತ್ತಾರಲ್ಲ, ಇಬ್ಬರ ಬಾಯಿಯನ್ನೂ ತೆಗೆಸಿ ನೋಡಿದರಾಯಿತು ಎಂದರು. ಮುಕಾಷ್ ಕೂಡಲೇ ಬಾಯಿ ಅಗಲಿಸಿ ತೋರಿಸಿದ. ಅರ್ಧ ಚಿನ್ನದ ಹಲ್ಲು. ಜನ ಬಿದ್ದು ಬಿದ್ದು ನಕ್ಕರು.

ಎಸೆನ್‌ಕುಲ್ ಮೈಯೆಲ್ಲ ಉರಿದು, ನಾನು ಮಾನಕ್ಕೆ ಹೋರಾಡ್ತಿದ್ದೀನಿ, ನಿಮಗೆ ಹಲ್ಲು ಕಾಣ್ತಿದೆಯೇ ಎಂದು ಕೂಗಿದ. ಆ ಕೂಗಿಗೆ ನಗು ನಿಂತಿತು. ಆಗ ಕಾಲಿಮಾ ಅಜ್ಜಿ ಕೈಗಾಡಿಯಲ್ಲಿ ಕೂತಲ್ಲಿಂದಲೇ ಹಿಮದ ಕತೆಯನ್ನೂ ಉಳುಮೆಯ ಕತೆಯನ್ನೂ ಹೇಳಿದಳು. ಆ ವರ್ಷ ಹಿಮ ಕುಸಿದು ಮೇಲಿನ ಕೊಟ್ಟಿಗೆ ಮುಚ್ಚಿದ್ದು ತೊಕೊಯ್‌ಗೂ ನೆನಪಿತ್ತು. ಅವನು ಗಡ್ಡ ನೀವಿಕೊಂಡು ತೀರ್ಪು ಕೊಟ್ಟ.

"ಕಾಗದ ಇರೋದು ಕಚೇರಿಗೆ. ಮನುಷ್ಯನ ವಯಸ್ಸು ನೂರುಜ್‌ನಿಂದ ನೂರುಜ್‌ಗೆ. ಎಸೆನ್‌ಕುಲ್ ಕುದುರೆ, ಮುಕಾಷ್ ಕುರಿ. ಮುಕಾಷ್, ಇವತ್ತಿಂದ ಇವನು ನಿನಗೆ ಬಾಯ್ಕೆ."

ಎಲ್ಲರೂ ಮುಕಾಷನನ್ನು ನೋಡಿದರು. ಏನಾದರೂ ಒಂದು ಹೇಳಿಯೇ ಹೇಳುತ್ತಾನೆ ಎಂದು ಬಾಯಿ ಅರ್ಧ ತೆರೆದು ಕಾದರು. ಮುಕಾಷ್ ಟೋಪಿ ತೆಗೆದ. ಎಣ್ಣೆ ಮೆತ್ತಿದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಎರಡು ಕೈಯನ್ನೂ ಚಾಚಿ ಎಸೆನ್‌ಕುಲನ ಕೈ ಹಿಡಿದ.

"ತಪ್ಪಾಯ್ತು ಬಾಯ್ಕೆ. ಗೊತ್ತಿಲ್ದೆ ಇಷ್ಟು ವರ್ಷ ನಿಮ್ಮನ್ನ ನೀನು ಅಂದ್ಬಿಟ್ಟೆ."

ಅಷ್ಟೇ. ತಲೆ ತಗ್ಗಿಸಿಕೊಂಡು ಹೋದ. ಎಸೆನ್‌ಕುಲನಿಗೆ ಗೆದ್ದ ಖುಷಿ ಆಗಬೇಕಿತ್ತು. ಆಯಿತು ಕೂಡ. ಆದರೆ ಐವತ್ತು ವರ್ಷ ನೀನು ಎನ್ನುತ್ತಿದ್ದ ಬಾಯಲ್ಲಿ ನೀವು ಕೇಳಿದಾಗ, ಬೇರೆಯವರ ಕೋಟು ಹಾಕಿಕೊಂಡ ಹಾಗೆ ಹೆಗಲ ಹತ್ತಿರ ಏನೋ ಬಿಗಿಯಿತು. ಜನರಿಗಂತೂ ಸಿಟ್ಟೇ ಬಂತು. ಊರಿನ ನಗುವನ್ನು ನುಂಗಿ ನೀರು ಕುಡಿದೆಯಲ್ಲ ಎಂದಳು ಸೊನುನ್. ಕುರಿ ವರ್ಷದವನೇ ಆಗಿದ್ದ ಕುಬಾತ್, ಹಾಗಾದರೆ ನಾನೂ ಇವನನ್ನು ಬಾಯ್ಕೆ ಅನ್ನಬೇಕೋ ಎಂದು ಗೊಣಗುತ್ತ ಹೋದ. ಅನ್ನಬೇಕು, ಅದೇ ನ್ಯಾಯ ಎಂದು ಎಸೆನ್‌ಕುಲ್ ಅವನ ಬೆನ್ನಿಗೆ ಹೇಳಿದ.

ಮಧ್ಯಾಹ್ನ ಬೀಗರು ಬಂದರು. ನುಸುಪ್ ಕಾರಿನಿಂದ ಇಳಿದು ಅಂಗಳವನ್ನು ಶಾಲೆ ತಪಾಸಣೆಗೆ ಬಂದವನ ಹಾಗೆ ನೋಡಿದ. ಬಾಗಿಲಲ್ಲಿ ಮುಕಾಷ್ ತಾಮ್ರದ ಹೂಜಿಯೂ ಬೋಗುಣಿಯೂ ಹಿಡಿದು, ಹೆಗಲ ಮೇಲೆ ಟವಲು ಹಾಕಿಕೊಂಡು, ಮೊಣಕಾಲೂರಿ ಎಲ್ಲರ ಕೈಗೆ ನೀರು ಹಾಕಿದ. ಎಸೆನ್‌ಕುಲನ ಕೈಗೂ ಹಾಕಿದ. ಹೂಜಿಯಲ್ಲಿ ಮಸಿಯೋ ಕಪ್ಪೆಯೋ ಇರಬಹುದೆಂದು ಎಸೆನ್‌ಕುಲ್ ಇಣುಕಿ ನೋಡಿದ. ಬರೀ ನೀರು, ಅದೂ ಬೆಚ್ಚಗಿನದು.

ಒಳಗೆ ಎಂಥ ಮರ್ಯಾದೆ! ಕುಬಾತ್ ಕೆಮ್ಮುವುದಕ್ಕೂ ಹೊರಗೆ ಹೋಗಿಬಂದ. ಬಟ್ಟಲಿಗೆ ಚಹಾ ಬೀಳುವ ಸದ್ದು ಕೇಳಿಸುತ್ತಿತ್ತು. ನುಸುಪನ ಹೆಂಡತಿ ಎದ್ದು ಹೋಗಿ ಆಯ್ಪೆರಿಯ ಕಿವಿಗೆ ಓಲೆ ತೊಡಿಸಿ, ಹಣೆಗೆ ಮುತ್ತಿಟ್ಟಳು. ಹೆಂಗಸರು ಮಿಠಾಯಿ ಎರಚಿದರು. ಎಸೆನ್‌ಕುಲ್ ಎದೆ ತುಂಬ ಉಸಿರೆಳೆದುಕೊಂಡ. ಆಗಿಹೋಯಿತು. ಇನ್ನು ಯಾವ ಮುಕಾಷನೂ ಏನೂ ಮಾಡುವ ಹಾಗಿಲ್ಲ.

ಮಾಂಸದ ತಟ್ಟೆಗಳು ಬಂದವು. ನಮ್ಮಲ್ಲಿ ಮೂಳೆ ಹಂಚುವುದು ವಯಸ್ಸಿನ ಪ್ರಕಾರ. ಹಿರಿಯನಿಗೆ ಸೊಂಟದ ಮೂಳೆ, ಆಮೇಲಿನವನಿಗೆ ತೊಡೆಯದು, ಹೀಗೆ. ತೊಕೊಯ್ ಚಾಕು ಹಿಡಿದು ಮೂಳೆ ಎತ್ತಿದವನು ಒಂದು ಕ್ಷಣ ತಡೆದು, ಈ ಎಸೆನ್‌ಕುಲನ ಮೂಳೆ ಇವತ್ತು ಬೆಳಿಗ್ಗೆಯಷ್ಟೇ ಬದಲಾಗಿದೆ ಎಂದ. ನುಸುಪ್ ಹುಬ್ಬು ಮೇಲೆತ್ತಿದ.

ಎಸೆನ್‌ಕುಲ್ ಸುಮ್ಮನಿರಬಹುದಿತ್ತು. ಆದರೆ ಮೆಚ್ಚಿಸಬೇಕೆಂದು ಮನಸ್ಸು ಮಾಡಿದ ಮನುಷ್ಯ ಸುಮ್ಮನಿರುತ್ತಾನೆಯೇ? ಹಿಮ, ಉಳುಮೆ, ತೀರ್ಪು ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಓರಗೆಯವರ ಹೆಸರಿನಲ್ಲಿ ನಡೆಯುವ ಈ ಹುಚ್ಚಾಟ ತನಗೆ ಹಿಡಿಸುವುದಿಲ್ಲವೆಂದೂ, ತಮ್ಮಂಥ ಗಂಭೀರ ಜನರ ಸಂಬಂಧವಾದದ್ದು ಪುಣ್ಯವೆಂದೂ ಸೇರಿಸಿದ.

ನುಸುಪ್ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟ.

"ಕುದುರೆ ವರ್ಷ ಅನ್ನೋದು ಖಂಡಿತವಾ?"

ತೊಕೊಯ್ ಗಡ್ಡ ಮುಟ್ಟಿ ಆಣೆ ಮಾಡಿದ. ಕಾಲಿಮಾ ಅಜ್ಜಿ ಹೆಂಗಸರ ಕಡೆಯಿಂದಲೇ, ನನ್ನ ಈ ಕೈಯಲ್ಲೇ ಹುಟ್ಟಿದ್ದು ಎಂದಳು. ಎಸೆನ್‌ಕುಲ್ ಎದೆ ಮೇಲೆ ಕೈಯಿಟ್ಟು, "ಒಂಚೂರೂ ಅನುಮಾನ ಬೇಡಿ" ಎಂದ.

"ಬೀಗ್ರೇ, ಬಾಯಿ ತೆಗೀರಿ" ಎಂದ ನುಸುಪ್.

ತನ್ನ ಕೈಯಾರೆ ತುತ್ತು ಕೊಡುವುದು ದೊಡ್ಡ ಗೌರವ. ಎಸೆನ್‌ಕುಲನ ಕಣ್ಣು ಒದ್ದೆಯಾಯಿತು. ಕಣ್ಣು ಮುಚ್ಚಿ ಬಾಯಿ ತೆಗೆದ. ನುಸುಪ್ ತಟ್ಟೆಯಿಂದ ಕುರಿಬಾಲದ ಕೊಬ್ಬನ್ನು ಮುಷ್ಟಿ ತುಂಬ ಬಾಚಿ, ಹಿಡಿಸಿದಷ್ಟನ್ನು ಬಾಯಿಗೆ ತುರುಕಿ, ಉಳಿದದ್ದನ್ನು ಹಣೆಯಿಂದ ಗದ್ದದ ತನಕ ಗೋಡೆಗೆ ಮಣ್ಣು ಮೆತ್ತುವ ಹಾಗೆ ನಿಧಾನವಾಗಿ ಬಳಿದ. ಆಮೇಲೆ ಆ ಕೈಯನ್ನು ಎಸೆನ್‌ಕುಲನ ಹೊಸ ಬಿಳಿ ಟೋಪಿಗೆ ಒರೆಸಿದ. ಆಗ ಆ ಬಂಡೆಗಲ್ಲಿನಂಥ ಮುಖ ಬಿರುಕು ಬಿಟ್ಟಿತು. ನುಸುಪ್ ನಗುತ್ತಿದ್ದ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಸುರಿಯಿತು. ಆಮೇಲೆ ಅದು ಅಳುವೋ ನಗುವೋ ಗೊತ್ತಾಗದ ಹಾಗಾಯಿತು.

"ನಾನೂ ಕುದುರೆ ಕಣೋ" ಎಂದು ಎಸೆನ್‌ಕುಲನ ಕುತ್ತಿಗೆ ತಬ್ಬಿಕೊಂಡ. "ನಮ್ಮ ಬೀದಿಯ ನನ್ನ ಓರಗೆಯವರಲ್ಲಿ ಕೊನೆಯವನು ಸತ್ತು ಏಳು ವರ್ಷ ಆಯ್ತು. ದೊಡ್ಡವರ ಹತ್ರ ಆಡೋ ಹಾಗಿಲ್ಲ, ಚಿಕ್ಕವರ ಹತ್ರ ಆಡೋ ಹಾಗಿಲ್ಲ. ಏಳು ವರ್ಷದ್ದು ಹೊಟ್ಟೇಲಿ ಹಾಗೇ ಇದೆ. ಇನ್ಮೇಲೆ ವಾರಕ್ಕೊಂದ್ಸಲ ಬರ್ತೀನಿ."

ಮೊದಲು ನಕ್ಕವಳು ಗುಲ್ಸುನ್. ಆಮೇಲೆ ಕುಬಾತ್, ಸೊನುನ್, ಬೀಗರ ಕಡೆಯವರು, ತೊಕೊಯ್ ಅಜ್ಜ, ಹೊಸ ಓಲೆ ಅಲುಗಿಸಿಕೊಂಡು ಆಯ್ಪೆರಿ. ನುಸುಪನ ಹೆಂಡತಿ ತಲೆವಸ್ತ್ರದ ತುದಿಯಲ್ಲಿ ಕಣ್ಣು ಒರೆಸಿಕೊಂಡು, ನಮ್ಮ ಮನೆಗೆ ಬೆಳಕು ಬಂತು ಎಂದು ಎಲ್ಲರಿಗೂ ಹೇಳುತ್ತಿದ್ದಳು.

ನುಸುಪ್ ಆಗಲೇ ಕೆಲಸಕ್ಕೆ ಇಳಿದಿದ್ದ. ಬಾಗಿಲಲ್ಲಿ ನಿಂತಿದ್ದ ಮುಕಾಷನನ್ನು ಹತ್ತಿರ ಕರೆದು ಕೂರಿಸಿಕೊಂಡು ಕೇಳಿದ: "ತಮ್ಮಾ, ಇಷ್ಟು ವರ್ಷ ಇವನಿಗೆ ಏನೇನು ಮಾಡಿದ್ದೀಯ, ಮೊದಲಿನಿಂದ ಹೇಳು. ಮಾಡಿದ್ದನ್ನೇ ಮಾಡಬಾರದಲ್ಲ." ಹಿರಿಯರು ಕೇಳಿದ ಮೇಲೆ ಮುಚ್ಚಿಡುವ ಹಾಗಿಲ್ಲ. ಮುಕಾಷ್ ಕೈಕಟ್ಟಿಕೊಂಡು, ಒಂದನೇ ತರಗತಿಯಿಂದ ಹಿಡಿದು, ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದ. ಇವತ್ತು ಮಧ್ಯಾಹ್ನಕ್ಕೆಂದು ಇಟ್ಟುಕೊಂಡಿದ್ದನ್ನೂ ಕಿವಿಯಲ್ಲಿ ಹೇಳಿದ. ನುಸುಪ್ ತಲೆದೂಗಿ, ಇದನ್ನು ಮದುವೆಯ ದಿನಕ್ಕೆ ಇಟ್ಟುಕೊಳ್ಳೋಣ ಎಂದ.

ಕೊಬ್ಬು ಎಸೆನ್‌ಕುಲನ ರೆಪ್ಪೆಗಳಿಂದ ಇಳಿದು ಅಂಗಿಯೊಳಗೆ ಹೋಗುತ್ತಿತ್ತು. ಓಲೆ ಏರಿಯಾಗಿದೆ, ವಾಪಸ್ಸಿಲ್ಲ. ಸಿಟ್ಟಾಗುವ ಹಾಗೂ ಇಲ್ಲ. ಈ ಊರಿನಲ್ಲಿ ತಮಾಷೆಗೆ ತಮಾಷೆ ಹೂಡಿ ನುಸುಪನಂಥವನನ್ನು ಹಣ್ಣು ಮಾಡಬಲ್ಲವನು ಒಬ್ಬನೇ ಒಬ್ಬ ಇದ್ದ. ಎಸೆನ್‌ಕುಲ್ ಅವನ ತೋಳು ಹಿಡಿದುಕೊಂಡ.

"ಮುಕಾಷ್, ಸುಮ್ನೆ ನೋಡ್ತಾ ಕೂತಿದ್ದೀಯಲ್ಲೋ. ಏನಾದ್ರೂ ಮಾಡೋ."

ಮುಕಾಷ್ ಮೆಲ್ಲನೆ ತೋಳು ಬಿಡಿಸಿಕೊಂಡ. ಹೂಜಿ ಎತ್ತಿಕೊಂಡು, ಟವಲು ಸರಿಮಾಡಿಕೊಂಡು, ಮೊಣಕಾಲೂರಿ ತಲೆ ತಗ್ಗಿಸಿದ.

"ದೊಡ್ಡವರ ತಮಾಷೇಲಿ ಚಿಕ್ಕವರು ಬಾಯಿ ಹಾಕಬಾರದು ಬಾಯ್ಕೆ. ನೀರು ಕೈಗೆ ಹಾಕ್ಲೋ, ಮುಖಕ್ಕೆ ಹಾಕ್ಲೋ?"